ಪವಾಡಕ್ಕಿಂತ ಮೊದಲು ಬದುಕು: ಸಂತರ ಚರಿತ್ರೆಯನ್ನು ಓದುವುದು ಹೇಗೆ?

ಮನೆಯ ಬೀಗದ ಕೈ ಕಳೆದರೆ ಸಂತ ಅಂತೋಣಿ. ಯಾವ ದಾರಿಯೂ ಕಾಣದಾದಾಗ ಸಂತ ಯೂದ. ಗಂಟಲು ನೋವಿಗೆ ಸಂತ ಬ್ಲೇಸ್. ಕಥೋಲಿಕ ಮನೆಯಲ್ಲಿ ಬೆಳೆದವರಿಗೆ ಈ ಪಟ್ಟಿ ಬಾಯಿಪಾಠ. ಯಾರ ಹತ್ತಿರ ಏನು ಕೇಳಬೇಕು ಅಂತ ಚೆನ್ನಾಗಿ ಗೊತ್ತು. ಆದರೆ ಅವರು ಬದುಕಿದ್ದು ಹೇಗೆ ಅಂತ ಯಾರಾದರೂ ಕೇಳಿದರೆ ನಾವು ತಲೆ ಕೆರೆದುಕೊಳ್ಳುತ್ತೇವೆ.

ಅಂತೋಣಿಯವರನ್ನೇ ನೋಡಿ. ಮೈಸೂರು ಜಿಲ್ಲೆಯ ಕೆ.ಆರ್. ನಗರದ ಹತ್ತಿರ ದೋರನಹಳ್ಳಿ ಇದೆ. ಹೊಲ ಉಳುತ್ತಿದ್ದ ರೈತನಿಗೆ ಅವರ ಮರದ ಪ್ರತಿಮೆ ಸಿಕ್ಕಿತು ಅನ್ನುವುದು ಅಲ್ಲಿನ ಕಥೆ. ಜೂನ್ 13ರ ಹಬ್ಬಕ್ಕೆ ಜಾತಿ, ಧರ್ಮ ನೋಡದೆ ಜನ ಸೇರುತ್ತಾರೆ. ಪ್ರತಿಮೆಯ ಕೈಯಲ್ಲಿ ಬಾಲಯೇಸು, ಮುಖದಲ್ಲಿ ಶಾಂತಿ. ಆ ಮುಖ ನೋಡಿದರೆ ಈ ಮನುಷ್ಯ ಅಂದುಕೊಂಡದ್ದೆಲ್ಲ ಸಲೀಸಾಗಿ ನಡೆದಿರಬೇಕು ಅನ್ನಿಸುತ್ತದೆ. ನಡೆದದ್ದು ಪೂರ್ತಿ ಉಲ್ಟಾ.

1195ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಹುಟ್ಟಿದಾಗ ಅವರ ಹೆಸರು ಫೆರ್ನಾಂಡೊ. ಕೊಯಿಂಬ್ರಾ ಎಂಬ ಊರಿನ ಮಠದಲ್ಲಿ ಓದಿಕೊಂಡು ನೆಮ್ಮದಿಯಾಗಿದ್ದರು. 1220ರಲ್ಲಿ ಮೊರಾಕ್ಕೊದಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಕಟ್ಟಿದ ಸಂಘದ, ಅಂದರೆ ಫ್ರಾನ್ಸಿಸ್ಕನ್, ಸಹೋದರರು ಐವರನ್ನು ಕೊಂದರು. ಅವರ ದೇಹಗಳು ಕೊಯಿಂಬ್ರಾಕ್ಕೆ ಬಂದವು. ಅದನ್ನು ನೋಡಿದ ಫೆರ್ನಾಂಡೊ ಅವರಿಗೆ ತಾನೂ ಹಾಗೆಯೇ ಸಾಯಬೇಕು ಅನ್ನಿಸಿತು. ಮಠ ಬಿಟ್ಟರು, ಫ್ರಾನ್ಸಿಸ್ಕನ್ ಆದರು, ಹೆಸರು ಬದಲಿಸಿಕೊಂಡರು, ಮೊರಾಕ್ಕೊಗೆ ಹಡಗು ಹತ್ತಿದರು. ಅಲ್ಲಿ ಇಳಿದದ್ದೇ ತಡ, ಕಾಯಿಲೆ ಬಿದ್ದರು. ಹಾಸಿಗೆಯಿಂದ ಏಳಲೂ ಆಗಲಿಲ್ಲ. ವಾಪಸ್ ಊರಿಗೆ ಹೊರಟರೆ ಬಿರುಗಾಳಿ ಹಡಗನ್ನು ಇಟಲಿಯ ಸಿಸಿಲಿಗೆ ತಳ್ಳಿತು. ಅಲ್ಲಿ ಇವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಉತ್ತರ ಇಟಲಿಯ ಬೆಟ್ಟದ ಮೇಲಿನ ಒಂದು ಸಣ್ಣ ಆಶ್ರಮದಲ್ಲಿ ಜಾಗ ಸಿಕ್ಕಿತು. 1222ರಲ್ಲಿ ಫೋರ್ಲಿಯಲ್ಲಿ ಗುರುದೀಕ್ಷೆಯ ಸಮಾರಂಭ ನಡೆದಾಗ ಪ್ರಬೋಧನೆಗೆ ಯಾರೂ ತಯಾರಾಗಿ ಬಂದಿರಲಿಲ್ಲ. ‘ನೀನೇ ಏನಾದರೂ ಹೇಳು’ ಅಂತ ಇವರನ್ನು ಎಬ್ಬಿಸಿದರು. ಇವರು ಬಾಯಿ ತೆರೆದ ಮೇಲೆ ಅಲ್ಲಿದ್ದವರೆಲ್ಲ ದಂಗಾದರು. ಅಲ್ಲಿಂದ ಒಂಬತ್ತು ವರ್ಷ ಊರೂರು ತಿರುಗಿ ಬೋಧಿಸಿ, 1231ರಲ್ಲಿ ಪಾದುವಾದಲ್ಲಿ ತೀರಿಕೊಂಡರು. ವರ್ಷ ತುಂಬುವ ಮೊದಲೇ ಸಂತ ಪದವಿ ಸಿಕ್ಕಿತು.

ಅಂದರೆ, ಕಳೆದ ವಸ್ತು ಹುಡುಕಿಕೊಡುವ ಸಂತನ ಸ್ವಂತ ಯೋಜನೆಯೇ ಕಳೆದುಹೋಗಿತ್ತು! ರಕ್ತಸಾಕ್ಷಿ ಆಗಲು, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಡಲು ಹೋದವರು ಬೋಧಕರಾದರು. ನೌಕರಿ, ಮದುವೆ, ವಿದೇಶ ಅಂತ ಕಟ್ಟಿಕೊಂಡ ಲೆಕ್ಕಾಚಾರ ಕುಸಿದು ಕೂತವರಿಗೆ ಬೀಗದ ಕೈಗಿಂತ ಈ ಕಥೆಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಆದರೆ ನವೇನಕ್ಕೆ (ಒಂಬತ್ತು ದಿನದ ಪ್ರಾರ್ಥನೆಗೆ) ಬರುವ ಎಷ್ಟು ಜನರಿಗೆ ಈ ಕಥೆ ಗೊತ್ತು?

ಸಂತರ ಜೊತೆ ಕ್ರೈಸ್ತರ ಸಂಬಂಧದಲ್ಲಿ ಎರಡು ಎಳೆ ಇವೆ. ಒಂದು, ‘ನಮಗಾಗಿ ಪ್ರಾರ್ಥಿಸಿ’ ಅಂತ ಕೇಳುವುದು. ಇನ್ನೊಂದು, ಅವರ ಬದುಕು ನೋಡಿ ಕಲಿಯುವುದು. ನಮ್ಮಲ್ಲಿ ಮೊದಲನೆಯದು ಎಷ್ಟು ಬಲವಾಗಿದೆ ಅಂದರೆ ಎರಡನೆಯದು ಮಸುಕಾಗಿದೆ. ಈ ಲೇಖನ ಎರಡನೆಯದರ ಬಗ್ಗೆ. ಅದು ಹೊಸ ಆಲೋಚನೆಯೇನಲ್ಲ, ಎರಡನೇ ಶತಮಾನದಷ್ಟು ಹಳೆಯದು.

ಸ್ಮಿರ್ನಾ ಈಗ ತುರ್ಕಿಯ ಇಜ್ಮಿರ್. ಅಲ್ಲಿನ ಧರ್ಮಾಧ್ಯಕ್ಷ (ಬಿಷಪ್) ಪೊಲಿಕಾರ್ಪರನ್ನು ಸುಮಾರು ಕ್ರಿ.ಶ. 155ರಲ್ಲಿ ಕೊಂದರು. ಆಗ ಅವರು ಹಣ್ಣು ಹಣ್ಣು ಮುದುಕ. ಏನಾಯಿತು ಅಂತ ಅಲ್ಲಿನ ಸಭೆ, ಅಂದರೆ ಕ್ರೈಸ್ತ ಸಮುದಾಯ, ನೆರೆಯ ಸಭೆಗೆ ಪತ್ರ ಬರೆಯಿತು. ಆ ಪತ್ರ ಇವತ್ತಿಗೂ ಉಳಿದಿದೆ. ಪೊಲಿಕಾರ್ಪರ ಎಲುಬುಗಳನ್ನು ರತ್ನಕ್ಕಿಂತ ಹೆಚ್ಚು ಅಂತ ಆರಿಸಿಕೊಂಡೆವು, ಅವರು ಸತ್ತ ದಿನವನ್ನು ಹುಟ್ಟುಹಬ್ಬ ಅಂತ ಆಚರಿಸುತ್ತೇವೆ ಅನ್ನುತ್ತಾರೆ. ಹೆಚ್ಚಿನ ಸಂತರ ಹಬ್ಬ ಅವರು ತೀರಿಕೊಂಡ ದಿನವೇ ಬೀಳುವುದು ಇದೇ ಕಾರಣಕ್ಕೆ. ಆರಾಧನೆ ಕ್ರಿಸ್ತನಿಗೆ ಮಾತ್ರ, ರಕ್ತಸಾಕ್ಷಿಗಳ ಮೇಲೆ ಇರುವುದು ಪ್ರೀತಿ, ಏಕೆಂದರೆ ಅವರು ಪ್ರಭುವಿನ ಶಿಷ್ಯರು, ಅವರ ಹೆಜ್ಜೆಯಲ್ಲಿ ನಡೆದವರು ಅಂತಲೂ ಅದೇ ಪತ್ರ ಹೇಳುತ್ತದೆ. ‘ನೀವು ಸಂತರನ್ನು ಪೂಜೆ ಮಾಡ್ತೀರಲ್ಲ’ ಅನ್ನುವ ಪ್ರಶ್ನೆಗೆ ಉತ್ತರ ಆಗಲೇ ಸಿದ್ಧವಾಗಿತ್ತು.

ನನಗೆ ಆ ಪತ್ರದಲ್ಲಿ ಇಷ್ಟವಾಗುವುದು ಇನ್ನೊಂದು ಸಂಗತಿ. ಅಲ್ಲಿ ಕ್ವಿಂತುಸ್ ಅಂತ ಒಬ್ಬ ಬರುತ್ತಾನೆ. ಯಾರೂ ಹಿಡಿಯಲು ಬಂದಿರಲಿಲ್ಲ. ತಾನೇ ಮುಂದೆ ಹೋಗಿ ‘ನಾನು ಕ್ರೈಸ್ತ’ ಅಂದ, ಬೇರೆಯವರನ್ನೂ ಹುರಿದುಂಬಿಸಿ ಕರೆದುಕೊಂಡು ಹೋದ. ಕಾಡುಪ್ರಾಣಿಗಳನ್ನು ಕಂಡದ್ದೇ ಎದೆ ಒಡೆದು, ಹೇಳಿದ ಹಾಗೆ ಆಣೆ ಮಾಡಿ ಧೂಪ ಹಾಕಿ ಬಂದ. ಹೀಗೆ ಮೈಮೇಲೆ ಎಳೆದುಕೊಳ್ಳುವವರನ್ನು ನಾವು ಹೊಗಳುವುದಿಲ್ಲ, ಶುಭಸಂದೇಶ ಹಾಗೆ ಕಲಿಸುವುದಿಲ್ಲ ಅಂತ ಪತ್ರ ನೇರವಾಗಿ ಹೇಳುತ್ತದೆ. ಪೊಲಿಕಾರ್ಪ್ ಮೊದಲು ಊರಾಚೆಯ ತೋಟಕ್ಕೆ ಹೋಗಿ ಅಡಗಿದ್ದರು. ಹಿಡಿಯಲು ಬಂದವರಿಗೆ ಊಟ ಬಡಿಸಿ, ಪ್ರಾರ್ಥನೆಗೆ ಸ್ವಲ್ಪ ಹೊತ್ತು ಕೇಳಿಕೊಂಡರು. ಹೀರೋ ಆಗುವ ಆಸೆ ಅವರಿಗೆ ಇರಲಿಲ್ಲ.

ಪ್ರೊಟೆಸ್ಟೆಂಟ್ ಸಭೆಗಳು ಸಂತರ ಹತ್ತಿರ ಪ್ರಾರ್ಥನೆ ಕೇಳುವುದನ್ನು ಒಪ್ಪುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ 1530ರಲ್ಲಿ ಮಾರ್ಟಿನ್ ಲೂಥರ್ ಅವರ ಕಡೆಯವರು ಆಗ್ಸ್‌ಬರ್ಗ್‌ನಲ್ಲಿ ಮಂಡಿಸಿದ ವಿಶ್ವಾಸ ನಿವೇದನೆಯ 21ನೇ ಕಲಮಿನಲ್ಲಿ, ಸಂತರನ್ನು ನೆನೆಯಬೇಕು, ಅವರ ವಿಶ್ವಾಸ ಮತ್ತು ಒಳ್ಳೆಯ ಕೆಲಸ ನೋಡಿ ನಾವೂ ನಡೆಯಬೇಕು ಅಂತಲೇ ಇದೆ. ಹಾಗಾಗಿ ಎರಡನೇ ಎಳೆಯ ವಿಷಯದಲ್ಲಿ ಜಗಳ ಕಡಿಮೆ.

ಇನ್ನು ಸಂತ ಪದವಿಗೆ ಬರೋಣ. ಪವಾಡ ಮಾಡಿದವರಿಗೆ ಪದವಿ ಕೊಡುತ್ತಾರೆ ಅಂತ ಜನ ತಿಳಿದಿದ್ದಾರೆ. ಪ್ರಕ್ರಿಯೆಯ ಕ್ರಮ ನೋಡಿದರೆ ಹಾಗಿಲ್ಲ. ವ್ಯಕ್ತಿ ತೀರಿಕೊಂಡು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಆಮೇಲೆ ಅಲ್ಲಿನ ಧರ್ಮಾಧ್ಯಕ್ಷರು ವಿಚಾರಣೆ ಶುರು ಮಾಡುತ್ತಾರೆ. ಆಗ ಅವರು ‘ದೇವರ ಸೇವಕ’. ಬರೆದ ಪತ್ರ, ಡೈರಿ, ಚೀಟಿ ಎಲ್ಲ ಒಟ್ಟು ಮಾಡುತ್ತಾರೆ. ಜೊತೆಗಿದ್ದವರಿಂದ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುತ್ತಾರೆ. ಕಷ್ಟ ಬಂದಾಗ ಹೇಗಿದ್ದರು? ಕೋಪ ಬಂದಾಗ ಏನು ಮಾಡಿದರು? ವಿಶ್ವಾಸ, ಭರವಸೆ, ಪ್ರೀತಿ ಎಲ್ಲ ಸಾಮಾನ್ಯ ಮಟ್ಟಕ್ಕಿಂತ ಮೇಲೆ, ಎಡೆಬಿಡದೆ ಇತ್ತೇ? ಇದೆಲ್ಲ ರೋಮ್‌ನಲ್ಲಿ ಒಪ್ಪಿಗೆಯಾದರೆ ‘ಪೂಜ್ಯ’. ಪವಾಡದ ಮಾತು ಬರುವುದು ಅದಾದ ಮೇಲೆ. ಒಂದಕ್ಕೆ ‘ಧನ್ಯ’, ಮತ್ತೊಂದಕ್ಕೆ ‘ಸಂತ’. ರಕ್ತಸಾಕ್ಷಿಗಳಿಗೆ ಮೊದಲ ಪವಾಡ ಬೇಕಿಲ್ಲ. ಅಷ್ಟೇ ಅಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳುವ ಪವಾಡ ಅವರು ಸತ್ತ ಮೇಲೆ ನಡೆದದ್ದಾಗಿರಬೇಕು. ಬದುಕಿದ್ದಾಗ ನೋಡುವುದು ಬದುಕನ್ನೇ.

ವಿರೋಧದ ಮಾತಿಗೂ ಅಲ್ಲಿ ಜಾಗವಿದೆ. 1587ರಿಂದ ಶತಮಾನಗಳ ಕಾಲ ಇದಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಿದ್ದರು. ಜನ ಅವರನ್ನು ಸೈತಾನನ ವಕೀಲ ಅಂತಲೇ ಕರೆದರು. ಅಭ್ಯರ್ಥಿಯಲ್ಲಿ ಹುಳುಕು ಹುಡುಕುವುದೇ ಅವರ ಕೆಲಸ. 1983ರ ಸುಧಾರಣೆಯಲ್ಲಿ ಆ ಹುದ್ದೆಯ ರೂಪ ಬದಲಾಯಿತು. ಆದರೂ ಮದರ್ ತೆರೇಸಾ ಅವರ ವಿಚಾರಣೆಯಲ್ಲಿ ಅವರ ಕಡು ಟೀಕಾಕಾರ ಕ್ರಿಸ್ಟೋಫರ್ ಹಿಚೆನ್ಸ್ ಅವರನ್ನು ಕರೆಸಿ ಕೇಳಿದ್ದರು. 2007ರಲ್ಲಿ ಮದರ್ ಅವರ ಪತ್ರಗಳು ಪುಸ್ತಕವಾಗಿ ಬಂದವು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಬರೀ ಕತ್ತಲು, ದೇವರು ಇಲ್ಲವೇನೋ ಅನ್ನುವ ಭಾವ. ಅದನ್ನು ಹೊರತಂದವರು ಟೀಕಾಕಾರರಲ್ಲ, ಅವರ ಸಂತ ಪದವಿಗಾಗಿ ಓಡಾಡುತ್ತಿದ್ದ ಗುರುಗಳೇ. ಆ ಕತ್ತಲನ್ನು ಅವರು ಕಳಂಕ ಅಂತ ನೋಡಲಿಲ್ಲ. ಏನೂ ಅನ್ನಿಸದೆಯೂ ಮದರ್ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದರಲ್ಲ, ಅದನ್ನು ನೋಡಿದರು.

ಸರಿ, ಆದರೆ ಒಬ್ಬರ ಬದುಕು ಇನ್ನೊಬ್ಬರ ವಿಶ್ವಾಸಕ್ಕೆ ದಾಟುವುದು ಹೇಗೆ? ಇದಕ್ಕೆ ಯೇಸುಸಭೆ ಎಂಬ ಗುರುಗಳ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಅವರ ಹಾಸಿಗೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1521ರ ಮೇ 20. ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಅವರ ಕಾಲಿಗೆ ಬಡಿಯಿತು. ಆಗ ಅವರಿಗೆ 30ರ ಆಸುಪಾಸು. ಕತ್ತಿ, ಕುದುರೆ, ಒಳ್ಳೆ ಬಟ್ಟೆ, ಹೆಸರು ಮಾಡುವ ಆಸೆ, ಇಷ್ಟೇ ಬದುಕು. ಮನೆಗೆ ಹೊತ್ತು ತಂದರು. ಮೂಳೆ ಸರಿಯಾಗಿ ಕೂಡಿರಲಿಲ್ಲ, ಮತ್ತೆ ಮುರಿದು ಕೂರಿಸಿದರು. ಗಾಯ ವಾಸಿಯಾದ ಮೇಲೆ ನೋಡಿದರೆ ಮೊಣಕಾಲಿನ ಕೆಳಗೆ ಒಂದು ಮೂಳೆ ಉಬ್ಬಿ ನಿಂತಿದೆ, ಕಾಲು ಗಿಡ್ಡವಾಗಿದೆ. ಆ ಕಾಲದ ಬಿಗಿ ಬೂಟು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ. ಅಷ್ಟಕ್ಕಾಗಿ, ಅರಿವಳಿಕೆ ಇಲ್ಲದ ಆ ಕಾಲದಲ್ಲಿ, ಉಬ್ಬಿದ ಮೂಳೆಯನ್ನು ಕೊಯ್ಸಿಕೊಂಡರು. ಕಾಲು ಉದ್ದವಾಗಲಿ ಅಂತ ಎಳೆಸಿಕೊಂಡರು. ಇದನ್ನು ಮುಂದೆ ತಾವೇ ನಾಚಿಕೆಯಿಲ್ಲದೆ ಹೇಳಿ ಬರೆಸಿದ್ದಾರೆ.

ಹಾಸಿಗೆಯಲ್ಲಿ ಬೇಜಾರು. ವೀರರ ಕಾದಂಬರಿ ಕೊಡಿ ಅಂದರು. ಮನೆಯಲ್ಲಿ ಅಂಥದ್ದು ಇರಲಿಲ್ಲ. ಇದ್ದದ್ದು ಎರಡೇ ಬಗೆಯ ಓದು: ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆ. ಬೇರೆ ದಾರಿಯಿಲ್ಲದೆ ಅದನ್ನೇ ಓದಿದರು. ನಡುನಡುವೆ ಪುಸ್ತಕ ಮಡಚಿ ಕನಸು ಕಾಣುತ್ತಿದ್ದರು. ಒಂದು ಕನಸಿನಲ್ಲಿ ದೊಡ್ಡ ಮನೆತನದ ಒಬ್ಬ ಹೆಣ್ಣು. ಅವಳ ಮುಂದೆ ಹೇಗೆ ಹೋಗುವುದು, ಏನು ಮಾತಾಡುವುದು, ಎಂಥ ಸಾಹಸ ತೋರಿಸುವುದು, ಹೀಗೆ ಮೂರು ನಾಲ್ಕು ಗಂಟೆ ಕಳೆಯುತ್ತಿತ್ತು. ಇನ್ನೊಂದು ಕನಸಿನಲ್ಲಿ, ‘ಸಂತ ಫ್ರಾನ್ಸಿಸ್ ಹೀಗೆ ಮಾಡಿದರು, ನಾನೂ ಮಾಡಿದರೆ? ಸಂತ ದೊಮಿನಿಕ್ ಮಾಡಿದ್ದನ್ನು ನಾನೂ ಮಾಡಿದರೆ?’

ಎರಡೂ ಕನಸು ಕಾಣುವಾಗ ಖುಷಿಯೇ. ವ್ಯತ್ಯಾಸ ಕಂಡದ್ದು ಆಮೇಲೆ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಸಪ್ಪೆಯಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಹಗುರವಾಗಿ, ತೃಪ್ತಿಯಾಗಿ ಇರುತ್ತಿತ್ತು. ಎಷ್ಟೋ ದಿನ ಅವರು ಇದನ್ನು ಗಮನಿಸಲೇ ಇಲ್ಲ. ಒಂದು ದಿನ ಸ್ವಲ್ಪ ಕಣ್ಣು ತೆರೆಯಿತು. ಈ ಸಂತೋಷ ಯಾಕೆ ಉಳಿಯುತ್ತದೆ, ಅದು ಯಾಕೆ ಉಳಿಯುವುದಿಲ್ಲ? ಮುಂದೆ ಅವರು ಕಲಿಸಿದ ಆತ್ಮಸಾಧನೆಯ ಕ್ರಮ, 1540ರಲ್ಲಿ ಪೋಪ್ ಒಪ್ಪಿದ ಯೇಸುಸಭೆ, ಎರಡು ವರ್ಷದಲ್ಲಿ ಗೋವಾಕ್ಕೆ ಬಂದ ಫ್ರಾನ್ಸಿಸ್ ಕ್ಸೇವಿಯರ್, 1880ರಲ್ಲಿ ಮಂಗಳೂರಿನಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು, ಎಲ್ಲದರ ಬೇರು ಈ ಪ್ರಶ್ನೆಯಲ್ಲಿದೆ. (ಆ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಚಾವಣಿಯಲ್ಲಿರುವುದು ಅಲೋಶಿಯಸ್ ಅವರ ಬದುಕು ಅನ್ನುವುದು ಎಷ್ಟು ಜನರ ಗಮನಕ್ಕೆ ಬರುತ್ತದೋ. ಶ್ರೀಮಂತ ಮನೆತನದ ಆಸ್ತಿ, ಪಟ್ಟ ಎರಡನ್ನೂ ಬಿಟ್ಟುಕೊಟ್ಟು, ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡ ಹುಡುಗ.)

ಇಗ್ನೇಷಿಯಸ್ ಒಬ್ಬರದ್ದೇ ಕಥೆಯಲ್ಲ ಇದು. ಈಜಿಪ್ಟಿನ ಮರುಭೂಮಿಯಲ್ಲಿ ಅಂತೋಣಿ ಎಂಬ ತಪಸ್ವಿ 356ರಲ್ಲಿ ತೀರಿಕೊಂಡರು. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಥನಾಸಿಯಸ್ ಆ ತಪಸ್ವಿಯ ಚರಿತ್ರೆ ಬರೆದರು. ಆ ಪುಸ್ತಕ ಟ್ರಿಯರ್ ಊರಿನಲ್ಲಿ ಇಬ್ಬರು ಸರ್ಕಾರಿ ಅಧಿಕಾರಿಗಳ ಕೈಗೆ ಸಿಕ್ಕಿ, ಓದಿದವರು ಕೆಲಸವನ್ನೇ ಬಿಟ್ಟರು. ಆ ಸುದ್ದಿಯನ್ನು 386ರಲ್ಲಿ ಮಿಲಾನ್‌ನಲ್ಲಿ ಒಬ್ಬ ಅತಿಥಿ ಸುಮ್ನೆ ಮಾತಿನ ಮಧ್ಯೆ, ಆಗ ಅಲ್ಲಿ ಉಪಾಧ್ಯಾಯರಾಗಿದ್ದ, ಮುಂದೆ ಸಂತರಾದ ಅಗಸ್ಟೀನರಿಗೆ ಹೇಳಿದ. ಓದು ಬಾರದವರು ಎದ್ದು ಸ್ವರ್ಗ ಹಿಡಿಯುತ್ತಿದ್ದಾರೆ, ಇಷ್ಟೆಲ್ಲ ಓದಿದ ನಾವು ಇಲ್ಲೇ ಹೊರಳಾಡುತ್ತಿದ್ದೇವೆ ಅಂತ ಅಗಸ್ಟೀನರು ಗೆಳೆಯನ ಮೇಲೆ ಹರಿಹಾಯ್ದರು. ಅವತ್ತೇ ಆ ಮನೆಯ ತೋಟದಲ್ಲಿ ಅವರ ಬದುಕು ತಿರುಗಿತು. ಅಂದಹಾಗೆ, ಲಿಸ್ಬನ್‌ನ ಫೆರ್ನಾಂಡೊ ಇಟ್ಟುಕೊಂಡದ್ದು ಇದೇ ಮರುಭೂಮಿಯ ಅಂತೋಣಿಯವರ ಹೆಸರನ್ನು. ಇಪ್ಪತ್ತನೇ ಶತಮಾನಕ್ಕೆ ಬಂದರೆ, ದೇವರಲ್ಲಿ ನಂಬಿಕೆ ಬಿಟ್ಟಿದ್ದ ಯಹೂದಿ ತತ್ವಶಾಸ್ತ್ರಜ್ಞೆ ಈಡಿತ್ ಸ್ಟೈನ್ 1921ರ ಬೇಸಿಗೆಯಲ್ಲಿ ಗೆಳತಿಯ ಮನೆಯಲ್ಲಿ, ಹದಿನಾರನೇ ಶತಮಾನದ ಸ್ಪೇನಿನ ಸಂತೆ ಆವಿಲಾದ ತೆರೇಸಾ ಅವರ ಆತ್ಮಕಥೆ ಓದಿದರು. 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು. 1942ರಲ್ಲಿ ಆಶ್‌ವಿಟ್ಸ್‌ನಲ್ಲಿ ಅವರನ್ನು ಕೊಂದರು. 1998ರಲ್ಲಿ ಅವರೂ ಸಂತರ ಪಟ್ಟಿಗೆ ಸೇರಿದರು.

ಇವರಲ್ಲಿ ಯಾರೂ ವಾದದಲ್ಲಿ ಸೋತು ವಿಶ್ವಾಸಿಗಳಾದವರಲ್ಲ. ದೇವರು ಇದ್ದಾನೆ ಅನ್ನುವುದಕ್ಕೆ ಅಗಸ್ಟೀನರ ಹತ್ತಿರ ಆಗಲೇ ಬೇಕಾದಷ್ಟು ತರ್ಕ ಇತ್ತು. ‘ಹೀಗೂ ಬದುಕಬಹುದು, ನನ್ನಂಥವನೇ ಬದುಕಿದ್ದಾನೆ’ ಅನ್ನುವ ಸುದ್ದಿ ಮಾತ್ರ ತಲುಪಿರಲಿಲ್ಲ.

ಇಲ್ಲಿ ಒಂದು ಅಪಾಯ ಇದೆ. ಹಾಸಿಗೆಯಿಂದ ಎದ್ದ ಇಗ್ನೇಷಿಯಸ್ ಮೊದಲು ಮಾಡಿದ್ದು ಪೈಪೋಟಿ. ಮನ್ರೆಸಾ ಊರಿನಲ್ಲಿ ತಿಂಗಳುಗಟ್ಟಲೆ ಉಳಿದು, ದಿನಕ್ಕೆ ಏಳು ಗಂಟೆ ಪ್ರಾರ್ಥನೆ, ಉಪವಾಸ. ಮೊದಲು ತಲೆಗೂದಲಿನ ಮೇಲೆ ಬಹಳ ಆಸೆ ಇತ್ತಲ್ಲ, ಅದಕ್ಕೇ ಕೂದಲು ಬಾಚುವುದು, ಉಗುರು ಕತ್ತರಿಸುವುದು ಎಲ್ಲ ನಿಲ್ಲಿಸಿದರು. ಕತ್ತಿ ಬಿಟ್ಟರೂ ಗೆಲ್ಲುವ ಹಟ ಬಿಟ್ಟಿರಲಿಲ್ಲ. ಮಾಡಿದ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಿದರೂ ಸಮಾಧಾನ ಇಲ್ಲ. ಸತ್ತುಬಿಡೋಣ ಅನ್ನುವ ಯೋಚನೆಯವರೆಗೂ ಹೋಯಿತು. ನಿಧಾನವಾಗಿ ಬೆಳಕಾಯಿತು. ಕೂದಲು, ಉಗುರು ಕತ್ತರಿಸಿಕೊಂಡರು. ಮುಂದೆ ತಮ್ಮ ಸಭೆ ಸೇರಿದವರು ಉಪವಾಸ, ಪ್ರಾರ್ಥನೆಯಲ್ಲಿ ಅತಿ ಮಾಡಿದರೆ ಇವರೇ ತಡೆಯುತ್ತಿದ್ದರು.

ಜಿನೀವಾದ ಧರ್ಮಾಧ್ಯಕ್ಷ ಫ್ರಾನ್ಸಿಸ್ ಡಿ ಸೇಲ್ಸ್ 1609ರಲ್ಲಿ ಗೃಹಸ್ಥರಿಗಾಗಿಯೇ ಬರೆದ ಪುಸ್ತಕದಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳುತ್ತಾರೆ. ಧರ್ಮಾಧ್ಯಕ್ಷ ಏಕಾಂತದ ಸನ್ಯಾಸಿಯಂತೆ ಇರಲು ಹೊರಟರೆ, ಮಕ್ಕಳೊಂದಿಗ ದುಡ್ಡು ಉಳಿಸುವುದೇ ಬೇಡ ಅಂದರೆ, ಕೂಲಿ ಮಾಡುವವ ಇಡೀ ದಿನ ಗುಡಿಯಲ್ಲೇ ಕೂತರೆ, ಅಂಥ ಭಕ್ತಿ ನಗೆಪಾಟಲು ಅಲ್ವಾ? ಇರುವ ಕೆಲಸ, ಇರುವ ಸಂಸಾರಕ್ಕೆ ಹೊಂದದ ಭಕ್ತಿ ನಿಜವಾದದ್ದಲ್ಲ ಅಂತ ಅವರ ತೀರ್ಪು. ಇದು ಗೊತ್ತಿದ್ದರೆ ಸಂತರ ಚರಿತ್ರೆ ಓದಿ ಸುಮ್ನೆ ತಪ್ಪಿತಸ್ಥ ಭಾವದಲ್ಲಿ ಒದ್ದಾಡುವುದು ತಪ್ಪುತ್ತದೆ. ಸಿರಿಯಾದ ಸಿಮಿಯೋನ್ ಮೂವತ್ತಕ್ಕೂ ಹೆಚ್ಚು ವರ್ಷ ಕಂಬದ ಮೇಲೆ ಇದ್ದರು. ಇರಲಿ ಬಿಡಿ. ನಮಗೆ ಇಎಂಐ ಇದೆ.

ದೊಡ್ಡ ಸಾಹಸ ಇಲ್ಲದ ಬದುಕಿಗೆ ಸಂತರು ಬೇಕು ಅನ್ನುವವರಿಗೆ ಲಿಸ್ಯುವಿನ ತೆರೇಸಾ ಇದ್ದಾರೆ, ನಾವು ಕಿರಿಯ ತೆರೇಸಾ ಅನ್ನುವವರು. 1873ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿ, 15ನೇ ವಯಸ್ಸಿಗೆ ಕಾರ್ಮೆಲ್ ಮಠ ಸೇರಿ, 24ಕ್ಕೆ ಕ್ಷಯದಿಂದ ತೀರಿಕೊಂಡರು. ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಈಕೆಯ ಬಗ್ಗೆ ಶ್ರದ್ಧಾಂಜಲಿಯಲ್ಲಿ ಬರೆಯಲು ಏನಿದೆ ಅಂತ ಅದೇ ಮಠದ ಒಬ್ಬ ಭಗಿನಿ ಅಂದುಕೊಂಡಿದ್ದರಂತೆ.

ತೆರೇಸಾ ಬರೆದಿಟ್ಟ ಪ್ರಸಂಗ ಒಂದನ್ನು ಹತ್ತಿರದಿಂದ ನೋಡಿ. ಸಂಜೆಯ ಮೌನ ಪ್ರಾರ್ಥನೆ. ಅವರ ಹಿಂದೆ ಕೂರುತ್ತಿದ್ದ ಭಗಿನಿಯೊಬ್ಬರಿಗೆ ಒಂದು ವಿಚಿತ್ರ ಸದ್ದು ಮಾಡುವ ಚಾಳಿ, ಎರಡು ಚಿಪ್ಪು ಉಜ್ಜಿದ ಹಾಗೆ. ಬೇರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ತೆರೇಸಾ ಅವರ ಕಿವಿ ಮಾತ್ರ ಚುರುಕು. ತಿರುಗಿ ಒಂದು ಸಲ ದುರುಗುಟ್ಟಿ ನೋಡಿದ್ದರೆ ಸಾಕಿತ್ತು, ಸದ್ದು ನಿಲ್ಲುತ್ತಿತ್ತು. ನೋಡಲಿಲ್ಲ. ಸಹಿಸಿಕೊಳ್ಳಲು ಹೋಗಿ ಮೈಯೆಲ್ಲ ಬೆವರು. ಪ್ರಾರ್ಥನೆ ಅನ್ನುವುದು ಬರೀ ಸಹಿಸುವ ಕೆಲಸವಾಯಿತು. ಕೊನೆಗೆ ಉಪಾಯ ಮಾಡಿದರು. ಸದ್ದು ಕೇಳಬಾರದು ಅಂತ ಒದ್ದಾಡುವ ಬದಲು, ಅದು ಸಂಗೀತ ಕಛೇರಿಯೋ ಅನ್ನುವಷ್ಟು ಗಮನ ಕೊಟ್ಟು ಕೇಳಿದರು. ಆ ಕಛೇರಿಯನ್ನೇ ಯೇಸುವಿಗೆ ಅರ್ಪಿಸಿದರು. ಬಟ್ಟೆ ಒಗೆಯುವ ಜಾಗದಲ್ಲೂ ಹಾಗೆಯೇ. ಎದುರಿಗಿದ್ದ ಭಗಿನಿ ಕರವಸ್ತ್ರ ಎತ್ತಿದಾಗಲೆಲ್ಲ ಕೊಳಕು ನೀರು ಇವರ ಮುಖಕ್ಕೆ ಎರಚುತ್ತಿತ್ತು. ಮುಖ ಒರೆಸಿಕೊಂಡು ಅವರಿಗೆ ಗೊತ್ತಾಗುವ ಹಾಗೆ ಮಾಡಬೇಕು ಅನ್ನಿಸಿತು. ಮಾಡಲಿಲ್ಲ.

ಇದೆಲ್ಲ ಒಂದು ಸಂಗತಿಯಾ ಅನ್ನಿಸಬಹುದು. ಕೂಡುಕುಟುಂಬದಲ್ಲಿ ಇರುವವರನ್ನು, ಪಕ್ಕದ ಸೀಟಿನವರ ಫೋನ್ ಮಾತು ದಿನವಿಡೀ ಕೇಳುವವರನ್ನು ಕೇಳಿ ನೋಡಿ, ಇದು ಎಷ್ಟು ಕಷ್ಟ ಅಂತ ಅವರೇ ಹೇಳುತ್ತಾರೆ. ಪ್ರಾರ್ಥನೆಯಲ್ಲಿ ನಿದ್ದೆ ಬರುತ್ತದೆ ಅಂತಲೂ ತೆರೇಸಾ ಒಪ್ಪಿಕೊಂಡಿದ್ದಾರೆ. ಮಲಗಿದ ಮಕ್ಕಳ ಮೇಲೂ ಹೆತ್ತವರಿಗೆ ಪ್ರೀತಿ ಇರುತ್ತದಲ್ಲ ಅನ್ನುವುದು ಅವರ ಸಮಾಧಾನ. 1896ರ ಪಾಸ್ಕ (ಈಸ್ಟರ್) ಹಬ್ಬದ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಬಂತು. ಅದರ ಬೆನ್ನಿಗೇ ಸ್ವರ್ಗ ಅನ್ನುವುದು ಇದೆಯೋ ಇಲ್ಲವೋ ಅನ್ನುವ ಸಂಶಯ ಶುರುವಾಗಿ ಸಾಯುವವರೆಗೂ ಬಿಡಲಿಲ್ಲ. ತಾನು ವಿಶ್ವಾಸ ಇಲ್ಲದವರ ಪಂಕ್ತಿಯಲ್ಲಿ ಕೂತಿದ್ದೇನೆ ಅಂತ ಬರೆದರು. ಬೈಯುವ ದನಿ ಅಲ್ಲಿಲ್ಲ, ಅವರ ಜೊತೆ ಉಣ್ಣುವ ದನಿ ಇದೆ.

ಈ ತೆರೇಸಾ ನಮಗೆ ತಡವಾಗಿ ಸಿಕ್ಕಿದ್ದು ಇನ್ನೊಂದು ಕಥೆ. 1898ರಲ್ಲಿ ಅವರ ಬರಹ ಪುಸ್ತಕವಾದಾಗ ಅದನ್ನು ತಿದ್ದಿದವರು ಸ್ವಂತ ಅಕ್ಕ, ಅದೇ ಮಠದಲ್ಲಿದ್ದ ಪೋಲಿನ್. ಒರಟು ಮಾತು ನಯವಾಯಿತು, ಅಂಚುಗಳು ಉರುಟಾದವು. ಕ್ಯಾಮೆರಾ ಹಿಡಿದುಕೊಂಡೇ ಮಠ ಸೇರಿದ್ದ ಇನ್ನೊಬ್ಬ ಅಕ್ಕ ಸೆಲೀನ್ ಫೋಟೋಗಳನ್ನು ತಿದ್ದಿ ಮುಖವನ್ನು ಇನ್ನಷ್ಟು ಸೌಮ್ಯ ಮಾಡಿದರು. ಇಬ್ಬರದ್ದೂ ಪ್ರೀತಿಯೇ. ತೆರೇಸಾ ಬರೆದದ್ದು ಬರೆದ ಹಾಗೇ ಅಚ್ಚಾಗಿ ಬಂದದ್ದು 1956ರಲ್ಲಿ. ಮೂಲ ಫೋಟೋಗಳಲ್ಲಿ ಕಾಣುವುದು ಗಟ್ಟಿ ಗಲ್ಲದ, ನೇರ ನೋಟದ ಹಟಮಾರಿ ಹುಡುಗಿ. ನನ್ನನ್ನು ಕೇಳಿದರೆ ತಿದ್ದಿದ ಮುಖಕ್ಕಿಂತ ಈ ಮುಖವೇ ಬೇಕು. ನಮ್ಮ ಗುಡಿಗಳಲ್ಲಿ ಸಿಗುವ ಎಷ್ಟೋ ಸಂತ ಚರಿತ್ರೆಗಳಿಗೆ ಈ ತಿದ್ದುವ ಕಾಯಿಲೆ ಇದೆ. ತೊಟ್ಟಿಲಿನಲ್ಲೇ ಕೈಮುಗಿದ ಮಗು, ಒಮ್ಮೆಯೂ ಸಿಟ್ಟಾಗದ ಹುಡುಗ. ಅಂಥವರಿಗೆ ದೀಪ ಹಚ್ಚಬಹುದು, ಅವರ ಜೊತೆ ನಡೆಯುವುದು ಕಷ್ಟ.

ಕರಾವಳಿಯವರಿಗೆ ಹತ್ತಿರದ ಸಂತ ಒಬ್ಬರಿದ್ದಾರೆ, ಜೋಸೆಫ್ ವಾಜ್. 1651ರಲ್ಲಿ ಗೋವಾದ ಬೆನಾಲಿಯಲ್ಲಿ ಹುಟ್ಟಿದ ಕೊಂಕಣಿಗ. 1681ರಿಂದ 1684ರವರೆಗೆ ಕೆನರಾದಲ್ಲಿ ಕೆಲಸ ಮಾಡಿದರು. ಆಗ ಇಲ್ಲಿನ ಕ್ರೈಸ್ತರ ಮೇಲೆ ಅಧಿಕಾರ ಪೋರ್ಚುಗೀಸರು ನೇಮಿಸಿದವರದ್ದೋ, ನೇರ ರೋಮ್ ನೇಮಿಸಿದವರದ್ದೋ ಅಂತ ದೊಡ್ಡ ತಿಕ್ಕಾಟ. ಎರಡು ಬಣದ ನಡುವೆ ನಿಂತು, ಜನರಿಗೆ ಬಲಿಪೂಜೆ ತಪ್ಪದ ಹಾಗೆ ನೋಡಿಕೊಳ್ಳುವುದು ಅವರ ಪಾಲಿಗೆ ಬಂತು. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ. ಅಲ್ಲಿ ಅವರು ಬಂಡೆಯಿಂದ ನೀರು ತರಿಸಿದರು ಅನ್ನುವ ಒರತೆಯ ಕಥೆ ಕೇಳಿದವರು ಬಹಳ ಜನ.

ನನ್ನ ಮಟ್ಟಿಗೆ ಅವರ ನಿಜವಾದ ಕಥೆ ಸಮುದ್ರದ ಆಚೆ ಇದೆ. ಸಿಲೋನಿನ (ಈಗಿನ ಶ್ರೀಲಂಕಾ) ಕರಾವಳಿಯಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿದ್ದರು. ಅಲ್ಲಿನ ಜನರಿಗೆ ವರ್ಷಗಟ್ಟಲೆ ಪರಮಪ್ರಸಾದ ಇಲ್ಲ. ಅದನ್ನು ಕೇಳಿದ ವಾಜ್ 1687ರಲ್ಲಿ ಕೂಲಿಯವನ ವೇಷದಲ್ಲಿ ಜಾಫ್ನಾಕ್ಕೆ ಇಳಿದರು. ಇಳಿದ ಕೂಡಲೇ ಭೇದಿ ಹತ್ತಿ ಸಾಯುವ ಸ್ಥಿತಿ. ಗುಣವಾದ ಮೇಲೆ ಒಂದು ಸಮಸ್ಯೆ. ಇಲ್ಲಿ ಕಥೋಲಿಕರು ಯಾರು ಅಂತ ಗೊತ್ತಾಗುವುದು ಹೇಗೆ? ಬಾಯಿಬಿಟ್ಟು ಕೇಳಿದರೆ ಸಿಕ್ಕಿಬೀಳುತ್ತಾರೆ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಯಾರ ಕಣ್ಣು ಸರದ ಮೇಲೆ ನಿಲ್ಲುತ್ತದೆ ಅಂತ ನೋಡುತ್ತಾ ಹೋದರು. ಹೀಗೆ ಒಂದೊಂದೇ ಮನೆ ಸಿಕ್ಕಿತು.

ಆಮೇಲೆ ಕ್ಯಾಂಡಿ ರಾಜ್ಯಕ್ಕೆ ಹೋದರೆ ಪೋರ್ಚುಗೀಸರ ಗೂಢಚಾರ ಅಂತ ಹಿಡಿದಿಟ್ಟರು. 1697ರಲ್ಲಿ ಅಲ್ಲಿ ಸಿಡುಬು ಬಂತು. ಉಳ್ಳವರು ಊರು ಬಿಟ್ಟರು, ರೋಗಿಗಳನ್ನು ಕಾಡಿಗೆ ತಂದು ಬಿಟ್ಟರು. ವಾಜ್ ಮತ್ತು ಅವರ ಸಂಬಂಧಿ ಗುರುಗಳೊಬ್ಬರು ಅಲ್ಲೇ ಉಳಿದರು. ಗುಡಿಸಲು ಕಟ್ಟಿದರು, ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂತರು. ರೋಗಿ ಬೌದ್ಧನೋ ಕ್ರೈಸ್ತನೋ ಅಂತ ನೋಡಲಿಲ್ಲ. ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯ ಅವರಿಗೆ ರಾಜ್ಯದಲ್ಲಿ ತಿರುಗಾಡಲು ಬಿಟ್ಟ. ವಾಜ್ ಗೋವಾಕ್ಕೆ ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ಕೊಟ್ಟಾಗ, ನಿಯಮದಂತೆ ಬೇಕಿದ್ದ ಎರಡನೇ ಪವಾಡಕ್ಕೆ ವಿನಾಯಿತಿ ಇತ್ತು. ಒರತೆಯ ಕಥೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಂಡೆಯಿಂದ ನೀರು ತರಿಸಲು ನನ್ನಿಂದಾಗದು. ಕಾಯಿಲೆಯ ಮನೆಗೆ ಗಂಜಿ ಒಯ್ಯಬಹುದು. 2020ರಲ್ಲಿ ಕೋವಿಡ್ ಬಂದು ಪಕ್ಕದ ಮನೆಯ ಬಾಗಿಲಿಗೆ ಸರ್ಕಾರದ ಚೀಟಿ ಅಂಟಿಸಿದ್ದಾಗ ನಾವೆಲ್ಲ ಏನು ಮಾಡಿದೆವು ಅಂತ ಈ ಕಥೆ ಕೇಳುತ್ತದೆ.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ನಿಮ್ಮ ಹೆಸರಿನಿಂದಲೇ ಶುರು ಮಾಡಿ. ಲಾರೆನ್ಸ್, ಆಗ್ನೆಸ್, ಸೆಬಾಸ್ಟಿಯನ್, ಮೋನಿಕಾ, ಹೆಸರಿನ ಹಿಂದೆ ಒಬ್ಬರು ಇರುತ್ತಾರೆ. ಅಗಸ್ಟೀನ, ಇಗ್ನೇಷಿಯಸ್, ಆವಿಲಾದ ತೆರೇಸಾ, ಲಿಸ್ಯುವಿನ ತೆರೇಸಾ ಇವರೆಲ್ಲ ತಮ್ಮ ಕಥೆ ತಾವೇ ಹೇಳಿದ್ದಾರೆ. ಬೇರೆಯವರು ಬರೆದ ಹೊಗಳಿಕೆಗಿಂತ ಅದನ್ನು ಮೊದಲು ಓದಿ. ಓದುವಾಗ ಅವರು ಸೋತ ವರ್ಷ ಯಾವುದು ಅಂತ ಹುಡುಕಿ. ಸತ್ತ ತಕ್ಷಣ ಬಂದ ಚರಿತ್ರೆಯಲ್ಲಿ ಅದು ಸಿಗದಿದ್ದರೆ ಪತ್ರಗಳಲ್ಲಿ ಸಿಗುತ್ತದೆ. ಪುಸ್ತಕ ಮಡಚಿದ ಮೇಲೆ ಮನಸ್ಸು ಹೇಗಿದೆ ಅಂತಲೂ ನೋಡಿಕೊಳ್ಳಿ. ಬರೀ ಕೀಳರಿಮೆ ಉಳಿದರೆ ಸದ್ಯಕ್ಕೆ ಆ ಸಂತರು ನಿಮಗಲ್ಲ, ಇನ್ನೊಬ್ಬರನ್ನು ಹಿಡಿಯಿರಿ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿ ಪಡೆದ ಕಾರ್ಲೊ ಅಕುಟಿಸ್ 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ಹೋದ ಹುಡುಗ. ಅವರ ದೇಹವನ್ನು ಅಸ್ಸಿಸಿಯಲ್ಲಿ ಜೀನ್ಸ್, ಸ್ಪೋರ್ಟ್ಸ್ ಶೂ ತೊಡಿಸಿ ಇಟ್ಟಿದ್ದಾರೆ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಕಂಬದ ಸಿಮಿಯೋನರಿಗಿಂತ ಇವರೇ ವಾಸಿ.